ಹತ್ತಿ ಆರಬೇಕಾದ ದೀಪ

ಎಚ್ಚರ ಎಂಬ ನಮ್ಮ ಮಾತಿಗೆ ಎರಡು ಅರ್ಥಗಳುಂಟು. ನಿದ್ದೆಯಿಂದ ಕಣ್ಣು ತೆರೆಯುವುದೂ ಎಚ್ಚರವೇ. ಬರಲಿರುವ ಕೇಡನ್ನರಿತು ನಡೆಯುವುದೂ ಎಚ್ಚರವೇ. ರಾಜಸಭೆಗಳಲ್ಲಿ ಹೊಗಳುಭಟರು ‘ಎಚ್ಚರಿಕೆ’ ಎಂದು ಕೂಗಿದಾಗ ಆ ಕೂಗಿನಲ್ಲಿ ಎರಡೂ ಅರ್ಥಗಳು ಸೇರಿರುತ್ತಿದ್ದವು. ಇತರರನ್ನು ಎಚ್ಚರಿಸುವವನು ಮೊದಲು ತಾನು ಎಚ್ಚರವಾಗಿರಬೇಕಷ್ಟೆ. ಆದರೆ ಈ ಕೆಲಸವನ್ನು ಮನುಷ್ಯನು ಯಂತ್ರಕ್ಕೆ ಒಪ್ಪಿಸಿದ ಮೇಲೆ ಹೊಸದೊಂದು ಪ್ರಶ್ನೆ ಹುಟ್ಟಿತು: ಎಚ್ಚರಿಸುವ ಯಂತ್ರವೇ ನಿದ್ದೆಹೋದರೆ ನಾವು ಅದನ್ನು ತಿಳಿಯುವುದು ಹೇಗೆ? ಕಾರಿನ ಏರ್‌ಬ್ಯಾಗಿನ ದೀಪವನ್ನು ಕುರಿತು ನಾಲ್ಕು ಮಾತು ಹೇಳಹೊರಟಿರುವ ನನಗೆ ಈ ಪ್ರಶ್ನೆಯೇ ಮುಖ್ಯವೆನಿಸುತ್ತದೆ. ಇದರ ಚರಿತ್ರೆ ಕಾರಿನಿಂದಲ್ಲ, ರೈಲಿನಿಂದ ತೊಡಗುತ್ತದೆ.

ನಾನಿರುವ ಅಳ್ನಾವರ ರೈಲಿನೊಡನೆ ಬೆಳೆದ ಊರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಮೀಟರ್ ಗೇಜ್ ಹಳಿ ಹಾಕಿ ಈ ಸೀಮೆಯನ್ನು ಗೋವೆಯ ಹಾದಿಗೆ ಜೋಡಿಸಿತು. ಮುಂದೆ ದಾಂಡೇಲಿಯ ಕಡೆಗೊಂದು ಕವಲು ಹೊರಟು ಊರು ಜಂಕ್ಷನ್ ಎನಿಸಿತು. ಆ ಕಾಲದ ಕೈಮರಗಳನ್ನು ಕಂಡವರಿಗೆ ಗೊತ್ತು: ತೋಳು ಅಡ್ಡವಾಗಿದ್ದರೆ ಗಾಡಿ ನಿಲ್ಲಬೇಕು, ಕೆಳಗೆ ಬಾಗಿದರೆ ಮುಂದೆ ಸಾಗಬಹುದು. ಇದರಲ್ಲಿ ಒಂದು ದೊಡ್ಡ ವಿವೇಕ ಅಡಗಿತ್ತು. ಎಳೆಯುವ ತಂತಿ ಹರಿದರೆ, ಭಾರದ ಬಲದಿಂದ ತೋಳು ತಾನಾಗಿಯೇ ಅಡ್ಡವಾಗುತ್ತಿತ್ತು. ಯಂತ್ರ ಕೆಟ್ಟರೆ ಅದು ‘ನಿಲ್ಲು’ ಎಂದೇ ಹೇಳಬೇಕು, ‘ಹೋಗು’ ಎನ್ನಕೂಡದು ಎಂಬುದು ಅಲ್ಲಿಯ ತತ್ತ್ವ.

ಈ ವಿವೇಕ ಪುಕ್ಕಟೆ ದೊರೆತುದಲ್ಲ. 1876ರ ಜನವರಿಯಲ್ಲಿ ಇಂಗ್ಲೆಂಡಿನ ಅಬಟ್ಸ್ ರಿಪ್ಟನ್ ಎಂಬಲ್ಲಿ ಹಿಮ ಹೆಪ್ಪುಗಟ್ಟಿ ಕೈಮರದ ತೋಳುಗಳು ‘ದಾರಿ ತೆರವಿದೆ’ ಎಂಬ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡವು. ರೈಲುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಜೀವಗಳು ಹೋದವು. ಆಗ ರಾತ್ರಿಯ ದೀಪಗಳಲ್ಲಿಯೂ ಇಂಥದೇ ತೊಡಕಿತ್ತು. ಕೆಂಪು ಅಪಾಯಕ್ಕೆ, ಬಿಳಿ ತೆರವಿಗೆ ಸಂಕೇತ. ಕೆಂಪು ಗಾಜು ಒಡೆದು ಬಿದ್ದರೆ ಒಳಗಿನ ದೀಪ ಬಿಳಿಯಾಗಿ ಕಾಣುವುದು; ಅಪಾಯವೇ ಅಭಯದ ವೇಷ ತೊಟ್ಟಂತಾಗುವುದು! ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬಿಳಿಯನ್ನು ಬಿಟ್ಟು ಹಸಿರನ್ನು ತೆರವಿನ ಬಣ್ಣವಾಗಿ ಹಿಡಿದುದಕ್ಕೆ ಇದೂ ಒಂದು ಕಾರಣ.

ಈಗ ಕಾರಿಗೆ ಬರೋಣ. 1952ರಲ್ಲಿ ಅಮೆರಿಕದ ಜಾನ್ ಹೆಟ್ರಿಕ್ ಎಂಬ ಇಂಜಿನಿಯರು ಹೆಂಡತಿ ಮತ್ತು ಮಗಳೊಡನೆ ಹೋಗುತ್ತಿದ್ದಾಗ ಅಡ್ಡಿಯೊಂದನ್ನು ತಪ್ಪಿಸಲು ಕಾರನ್ನು ರಸ್ತೆಯಿಂದ ಕೆಳಗಿಳಿಸಬೇಕಾಯಿತು. ಆ ಕ್ಷಣದಲ್ಲಿ ಗಂಡಹೆಂಡಿರಿಬ್ಬರೂ ತಮಗರಿವಿಲ್ಲದೆಯೇ ಕೈಚಾಚಿ ಮಗುವನ್ನು ತಡೆಹಿಡಿದರು. ಆ ಕೈಗಳ ಕೆಲಸವನ್ನು ಚೀಲವೊಂದು ಮಾಡಲಾರದೆ ಎಂಬ ಯೋಚನೆಯಿಂದ ಹೆಟ್ರಿಕ್ ಪೇಟೆಂಟಿಗೆ ಅರ್ಜಿ ಹಾಕಿದರು. 1953ರಲ್ಲಿ ಅದು ದೊರೆಯಿತು. ಜರ್ಮನಿಯ ವಾಲ್ಟರ್ ಲಿಂಡರರ್ 1951ರಲ್ಲಿಯೇ ಇಂಥ ಅರ್ಜಿ ಸಲ್ಲಿಸಿದ್ದರು. ಆದರೆ ಒತ್ತಿಟ್ಟ ಗಾಳಿಯಿಂದ ಚೀಲ ತುಂಬುವುದು ಬಹಳ ನಿಧಾನ. ಡಿಕ್ಕಿಯಾದಾಗ ಚೀಲ ಸೆಕೆಂಡಿನ ಇಪ್ಪತ್ತೈದು ಮೂವತ್ತನೆಯ ಒಂದು ಭಾಗದಲ್ಲಿ ಉಬ್ಬಬೇಕು. ಕಣ್ಣು ರೆಪ್ಪೆ ಮುಚ್ಚಿ ತೆರೆಯಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕೊನೆಗೆ ಮದ್ದನ್ನು ಹೊತ್ತಿಸಿ, ಅದರಿಂದ ಹೊಮ್ಮುವ ಅನಿಲವನ್ನು ಚೀಲಕ್ಕೆ ತುಂಬುವ ಉಪಾಯ ಫಲಿಸಿತು. 1970ರ ದಶಕದ ನಡುವೆ ಜನರಲ್ ಮೋಟರ್ಸ್ ಕೆಲವು ಸಾವಿರ ಕಾರುಗಳಲ್ಲಿ ಇದನ್ನು ಅಳವಡಿಸಿ ಕೈಬಿಟ್ಟಿತು. 1981ರ ಹೊತ್ತಿಗೆ ಮರ್ಸಿಡಿಸ್-ಬೆಂಝ್ ಸೀಟ್ ಬೆಲ್ಟಿನ ಜೊತೆಗಾರನಾಗಿ ಅದನ್ನು ಮತ್ತೆ ತಂದಿತು. ನಮ್ಮ ದೇಶದಲ್ಲಿ ಹೊಸ ಕಾರುಗಳ ಚಾಲಕನಿಗೆ ಏರ್‌ಬ್ಯಾಗು ಕಡ್ಡಾಯವಾದುದು 2019ರ ಜುಲೈ 1ರಿಂದ. ಪಕ್ಕದ ಸೀಟಿಗೆ ಕಡ್ಡಾಯವೆಂಬ ಆದೇಶ ಬಂದುದು 2021ರಲ್ಲಿ.

ಕೈಮರಕ್ಕೂ ಏರ್‌ಬ್ಯಾಗಿಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಕೈಮರ ಕೆಟ್ಟರೆ ತೋಳು ಅಡ್ಡವಾಗಿ ತನ್ನ ಕೇಡನ್ನು ತಾನೇ ಸಾರುತ್ತದೆ. ಏರ್‌ಬ್ಯಾಗು ಕೆಟ್ಟರೆ ಸುಮ್ಮನಿರುತ್ತದೆ. ಹತ್ತು ವರ್ಷ ಸ್ಟಿಯರಿಂಗಿನೊಳಗೆ ಮಡಿಚಿಕೊಂಡು ಮಲಗಿದ ಚೀಲ ಬದುಕಿದೆಯೋ ಸತ್ತಿದೆಯೋ ಎಂಬುದಕ್ಕೆ ನಮ್ಮ ಕಣ್ಣಿಗೆ ಕಾಣುವ ಸಾಕ್ಷಿ ಒಂದೇ, ಆ ದೀಪ. ಆದುದರಿಂದಲೇ ಕೀಲಿ ತಿರುಗಿಸಿದೊಡನೆ ಅದು ಕೆಲವು ಸೆಕೆಂಡು ಹೊತ್ತಿ ಆರುವಂತೆ ಮಾಡಿದ್ದಾರೆ. ಹೊತ್ತುವುದು ‘ನಾನು ಎಚ್ಚರವಾಗಿದ್ದೇನೆ’ ಎಂಬ ಮಾತು. ಆರುವುದು ‘ನೋಡಿದೆ, ದೋಷ ಕಾಣಲಿಲ್ಲ’ ಎಂಬ ಮಾತು. ಆರದೆ ಉಳಿದರೆ, ಇಲ್ಲವೆ ಓಡುವಾಗ ಮತ್ತೆ ಹೊತ್ತಿದರೆ, ದೋಷವಿದೆ. ಅಪಘಾತದಲ್ಲಿ ಚೀಲ ತೆರೆಯದೆ ಹೋಗಬಹುದು. ಎಂದೂ ಹೊತ್ತದಿದ್ದರೆ ಅದು ಕ್ಷೇಮದ ಗುರುತಲ್ಲ. ಸಾಕ್ಷಿಯೇ ಸತ್ತಿದೆ ಎಂದರ್ಥ.

ನನ್ನ ಪರಿಚಯದ ತರುಣರೊಬ್ಬರು ಹಳೆಯ ಕಾರೊಂದನ್ನು ಕೊಂಡು, ಹೆಂಡತಿ ಮತ್ತು ಎರಡು ಎಳೆಯ ಮಕ್ಕಳೊಡನೆ ಲೋಂಡಾ ಹಾದಿಯಾಗಿ ಗೋವೆಗೆ ಎರಡು ಸಲ ಹೋಗಿಬಂದರು. ಮೂರನೆಯ ಸಲಕ್ಕೆ ಮುನ್ನ ತೋರಿಸಿದಾಗ ತಿಳಿದ ಸಂಗತಿ ಇದು: ಏರ್‌ಬ್ಯಾಗು ಹಿಂದೆಯೇ ಒಮ್ಮೆ ತೆರೆದು ಹೋಗಿತ್ತು, ಹೊಸದನ್ನು ಹಾಕಿರಲಿಲ್ಲ; ಅದರ ದೀಪದ ತಂತಿಯನ್ನು ಎಂಜಿನ್ ಎಣ್ಣೆಯ ದೀಪಕ್ಕೆ ಜೋಡಿಸಲಾಗಿತ್ತು. ಎರಡೂ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತಿದ್ದವು! ಮಾರಿದವರಾರೋ ಕೆಲವು ಸಾವಿರ ರೂಪಾಯಿ ಉಳಿಸಿದರು. ಉಳಿಸಿದುದು ಯಾರ ತಲೆಯ ಮೇಲೆ ಎಂಬುದನ್ನು ಯೋಚಿಸಲಿಲ್ಲ. ಕೆಂಪು ಗಾಜು ಬಿದ್ದ ದೀಪದಂತೆ ಅಪಾಯ ಇಲ್ಲಿಯೂ ಅಭಯದ ವೇಷ ತೊಟ್ಟಿತ್ತು. ಒಂದೇ ಭೇದ: ಅಲ್ಲಿ ಗಾಜು ತಾನಾಗಿ ಒಡೆಯುತ್ತಿತ್ತು, ಇಲ್ಲಿ ಮನುಷ್ಯನೇ ಒಡೆದಿದ್ದ.

ದೀಪ ಆರದಿದ್ದರೆ ಮಾಡಬೇಕಾದುದೇನು? ಗಾಬರಿ ಬೇಡ, ಉದಾಸೀನವೂ ಬೇಡ. ಬೆಲ್ಟು ಕಟ್ಟಿಕೊಂಡು ನಿಧಾನವಾಗಿ ತಿಳಿದವರ ಬಳಿಗೆ ಒಯ್ಯಬೇಕು. ದೂರದ ಪ್ರಯಾಣವನ್ನು ಮುಂದೂಡುವುದು ಲೇಸು. ಕಾರಣ ಕೆಲವೊಮ್ಮೆ ಬಹಳ ಚಿಕ್ಕದು: ಸೀಟಿನ ಕೆಳಗಿನ ತಂತಿಯ ಜೋಡಣೆ ಸಡಿಲವಾಗಿರಬಹುದು, ಸ್ಟಿಯರಿಂಗಿನೊಳಗಿನ ಸುರುಳಿಪಟ್ಟಿ ಹರಿದಿರಬಹುದು. ಆದರೆ ಚಿಕ್ಕದೆಂದು ನಾವೇ ಕೈಹಾಕಬಾರದು. ಒಳಗಿರುವುದು ಮದ್ದು. ಬಲ್ಲ ಮೆಕ್ಯಾನಿಕ್ಕುಗಳೂ ಬ್ಯಾಟರಿಯ ತಂತಿ ಬಿಚ್ಚಿ, ತಯಾರಕರು ಹೇಳಿದಷ್ಟು ಹೊತ್ತು ಕಾದ ಮೇಲೆಯೇ ಅಲ್ಲಿಯ ಹಳದಿ ಬಣ್ಣದ ಜೋಡಣೆಗಳನ್ನು ಮುಟ್ಟುತ್ತಾರೆ. ಸಾಧಾರಣ ಮೀಟರಿನಿಂದ ಅಳೆಯಲು ಹೋಗುವುದಿಲ್ಲ. ದೋಷವನ್ನು ಸರಿಪಡಿಸದೆ ದೀಪವನ್ನು ಮಾತ್ರ ಆರಿಸಿಕೊಡುತ್ತೇನೆ ಎನ್ನುವವನಿಂದ ದೂರವಿರಬೇಕು. 2019ರ ಆಗಸ್ಟ್ ತಿಂಗಳ ನೆರೆಯನ್ನು ನಮ್ಮ ಉತ್ತರ ಕರ್ನಾಟಕ ಮರೆತಿಲ್ಲ. ನೀರಿನಲ್ಲಿ ನಿಂತ ಕಾರಿನ ಈ ಅಂಗಗಳನ್ನು, ಹೊರಗೆ ಒಣಗಿ ಹೊಳೆಯುತ್ತಿದ್ದರೂ, ಪರೀಕ್ಷಿಸದೆ ನಂಬಲಾಗದು.

ದೀಪದ ಜ್ಞಾನಕ್ಕೂ ಎಲ್ಲೆಯುಂಟು. ಅದು ತಂತಿಗಳ ಸ್ಥಿತಿಯನ್ನು ಬಲ್ಲದು, ಮದ್ದಿನ ಸ್ಥಿತಿಯನ್ನಲ್ಲ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗುಗಳಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ಸೆಕೆ ತೇವಗಳಿಂದ ಕೆಟ್ಟು, ಲೋಹದ ಕವಚವೇ ಸಿಡಿದು ಹಲವರು ಸತ್ತರು. ಕೋಟಿಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2017ರಲ್ಲಿ ಕಂಪನಿ ದಿವಾಳಿಯೆದ್ದಿತು. ಆ ಕಾರುಗಳ ದೀಪ ಕ್ರಮವಾಗಿಯೇ ಹೊತ್ತಿ ಆರುತ್ತಿತ್ತು. ಹಳೆಯ ಕಾರು ಕೊಂಡವರು ಚಾಸಿಸ್ ಸಂಖ್ಯೆಯನ್ನು ತಯಾರಕರಿಗೆ ತಿಳಿಸಿ, ಹಾಗೆ ಕರೆಸಿದವುಗಳಲ್ಲಿ ತಮ್ಮದೂ ಸೇರಿದೆಯೇ ಎಂದು ವಿಚಾರಿಸುವುದು ಇದಕ್ಕಾಗಿಯೇ ಅಗತ್ಯ. ಬೆಲ್ಟು ಕಟ್ಟದವನಿಗೆ ಏರ್‌ಬ್ಯಾಗು ಪೂರ್ಣ ರಕ್ಷಣೆ ನೀಡಲಾರದು. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕುಳಿತ ಮಗುವಿಗೆ ಅದೇ ಮೃತ್ಯುವಾಗಬಲ್ಲದು. ಮಗುವನ್ನು ತಡೆದ ಕೈಗಳ ನೆನಪಿನಿಂದ ಹುಟ್ಟಿದ ಸಾಧನಕ್ಕೆ ಮಗುವನ್ನೇ ಬಲಿಗೊಡದಿರಲು, ಮಕ್ಕಳು ಹಿಂದಿನ ಸೀಟಿನಲ್ಲಿ ತಮಗೆ ತಕ್ಕ ಆಸನದಲ್ಲಿರಬೇಕು.

ಕೈಮರದ ಕಾಲದಲ್ಲಿ ಸಂಕೇತವನ್ನು ಕಾಯಲು ರೈಲ್ವೆಯ ಸಿಬ್ಬಂದಿಯಿತ್ತು. ಕಾರಿನಲ್ಲಿ ಆ ಕೆಲಸ ಕೀಲಿ ತಿರುಗಿಸುವವನದೇ. ದೀಪ ಹೊತ್ತಿತೇ, ಆರಿತೇ ಎಂದು ನೋಡಲು ಬೇಕಾಗುವುದು ಕೆಲವೇ ಸೆಕೆಂಡು. ಅಷ್ಟು ಹೊತ್ತು ನಾವು ಎಚ್ಚರವಾಗಿದ್ದರೆ ಮಾತ್ರ ಅದರ ಎಚ್ಚರಿಕೆಗೆ ಅರ್ಥವುಂಟು.

(ಬಾನುಲಿ ಭಾಷಣ)