ಶಕ್ತಿವಂತ ಮತ್ತು ಶಕ್ತಿದಾಯಕ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ಬಂದವರಿಗೆ ಮೊದಲು ನೀಡುತ್ತಿದ್ದುದು ಬೆಲ್ಲ, ನೀರು. ವಿದ್ಯಾರ್ಥಿಯೊಬ್ಬ ತನ್ನ ಇಂಗ್ಲಿಷ್ ಪ್ರಬಂಧದಲ್ಲಿ ಅದನ್ನು ‘ಎನರ್ಜೆಟಿಕ್’ ಎಂದು ಬಣ್ಣಿಸಿದ್ದ. ನಾನು ಕೆಂಪು ಶಾಯಿಯಿಂದ ಹೊಡೆದುಹಾಕಿ, ತರಗತಿಯೆದುರು ನಕ್ಕುಬಿಟ್ಟೆ.

ಆ ಶಬ್ದದ ಬೇರು ಗ್ರೀಕ್ ಭಾಷೆಯಲ್ಲಿದೆ. ‘ಎರ್ಗಾನ್’ ಎಂದರೆ ಕೆಲಸ. ಅರಿಸ್ಟಾಟಲನ ‘ಎನರ್ಗೆಯಾ’ ಕ್ರಿಯೆಯಲ್ಲಿ ತೊಡಗಿರುವ ಸ್ಥಿತಿ. 1807ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಥಾಮಸ್ ಯಂಗ್ ‘ಎನರ್ಜಿ’ ಶಬ್ದವನ್ನು ಭೌತವಿಜ್ಞಾನಕ್ಕೆ ತಂದನು. ಆದರೂ ದಿನಬಳಕೆಯ ಇಂಗ್ಲಿಷಿನಲ್ಲಿ ‘ಎನರ್ಜೆಟಿಕ್’ ಸಲ್ಲುವುದು ಹುರುಪಿನಿಂದ ದುಡಿಯುವವನಿಗೆ, ಅವನ ಆಹಾರಕ್ಕಲ್ಲ. ನಮ್ಮ ಭಾಷೆಯಲ್ಲಿ ಈ ಗೊಂದಲವಿಲ್ಲ: ಉಂಡವನು ಶಕ್ತಿವಂತ, ಉಂಡದ್ದು ಶಕ್ತಿದಾಯಕ. ‘ದಾಯಕ’ವೆಂದರೆ ಕೊಡುವಂಥದು.

ಆ ವರ್ಷದ ಕೊನೆಕೊಯ್ಲಿನಲ್ಲಿ ಹುಡುಗನ ತಂದೆಯನ್ನು ಕಂಡೆ. ಅವರು ಕೊನೆಗೌಡರು. ಅಡಿಕೆ ಮರದಿಂದ ಇಳಿದವರು ಬೆಲ್ಲ ಕಚ್ಚಿ, ನೀರು ಕುಡಿದು, ಬೆವರೊರೆಸಿಕೊಂಡು ಮತ್ತೆ ಮರವೇರಿದರು. ಹುಡುಗ ಕಂಡದ್ದನ್ನೇ ಬರೆದಿದ್ದ.

ಪದವನ್ನು ತಿದ್ದಿದ್ದು ಸರಿ; ನಕ್ಕಿದ್ದು ತಪ್ಪು. ಅವನಿಗೆ ಅಂದು ಹೇಳದೆ ಹೋದೆ. ಇದನ್ನು ಓದುತ್ತಿದ್ದರೆ, ಆ ಕೆಂಪು ಗೆರೆಯನ್ನು ಉಳಿಸಿಕೊಂಡು ನನ್ನ ನಗುವನ್ನು ಮರೆತುಬಿಡಲಿ.