ಕದಿರ ಕಾಯಕ ಮತ್ತು ಗಿರಣಿಯ ನೂಲು

ನುಲಿಯ ಚಂದಯ್ಯ, ಮೇದರ ಕೇತಯ್ಯ, ಗಾಣದ ಕನ್ನಪ್ಪ, ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ. ಹನ್ನೆರಡನೆಯ ಶತಮಾನದ ಶರಣ ಶರಣೆಯರ ಈ ಹೆಸರುಗಳಲ್ಲಿ ಮೊದಲ ಪದವು ಅವರವರ ಕಾಯಕವನ್ನು ಸಾರುತ್ತದೆ. ಊರಿನ ಹೆಸರಲ್ಲ, ಮನೆತನದ ಹೆಸರಲ್ಲ. ದುಡಿಮೆಯೇ ಅವರ ಗುರುತು. ಆದರೆ ಇಂದು ಬಸವ ಜಯಂತಿಯ ದಿನ ಮಠದ ಶಾಲೆಯ ಮಕ್ಕಳ ಮುಂದೆ ಈ ಹೆಸರುಗಳನ್ನು ಹೇಳುವಾಗ ಆ ಮೊದಲ ಪದದ ಅರ್ಥವನ್ನೇ ಬಿಡಿಸಿ ಹೇಳಬೇಕಾಗಿದೆ. ಅಕ್ಕಿಯ ಗಿರಣಿ ಬಂದು ಕೊಟ್ಟಣ ನಿಂತಿತು. ಯಂತ್ರ ಬಂದು ಎತ್ತಿನ ಗಾಣ ಮೂಲೆ ಸೇರಿತು. ಪ್ಲಾಸ್ಟಿಕ್ಕಿನ ಹಗ್ಗ, ಪ್ಲಾಸ್ಟಿಕ್ಕಿನ ಬುಟ್ಟಿಗಳು ಚಂದಯ್ಯ ಕೇತಯ್ಯಗಳ ಕಾಯಕವನ್ನು ಕಸಿದವು. ಇವೆಲ್ಲಕ್ಕಿಂತ ಬಹಳ ಮುಂಚೆ ಯಂತ್ರಕ್ಕೆ ಸೋತದ್ದು ರೆಮ್ಮವ್ವೆಯ ಕದಿರು. ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ.

ರೆಮ್ಮವ್ವೆ ನೂಲು ನೂತು ಬಂದುದರಲ್ಲಿ ದಾಸೋಹ ನಡೆಸಿದ ಶರಣೆ. ತಾನು ತಿರುಗಿಸುವ ರಾಟೆಯ ಒಂದೊಂದು ಅಂಗವನ್ನೂ ತತ್ತ್ವಕ್ಕೆ ಸಂಕೇತವಾಗಿಸಿ ಆಕೆ ನುಡಿದ ವಚನ ಪ್ರಸಿದ್ಧವಾಗಿದೆ. ಭಕ್ತರಿಗೆ ಅದು ಅನುಭಾವದ ಮಾತು. ಇತಿಹಾಸದ ವಿದ್ಯಾರ್ಥಿಗೆ ಅದೊಂದು ದಾಖಲೆಯೂ ಹೌದು. ಭಾರತದಲ್ಲಿ ರಾಟೆಯ ಖಚಿತ ಉಲ್ಲೇಖ ಮೊದಲು ದೊರೆಯುವುದು 1350ರಲ್ಲಿ ಇಸಾಮಿ ರಚಿಸಿದ ಪಾರಸಿ ಕಾವ್ಯದಲ್ಲಿ, ಅದಕ್ಕೆ ಮುಂಚೆ ಇಲ್ಲಿದ್ದದ್ದು ಕೈಯಲ್ಲಿ ತಿರುಗಿಸುವ ಕದಿರು ಮಾತ್ರ ಎಂಬುದು ಇತಿಹಾಸಕಾರ ಇರ್ಫಾನ್ ಹಬೀಬರ ವಾದ. ರೆಮ್ಮವ್ವೆಯ ವಚನ ಹನ್ನೆರಡನೆಯ ಶತಮಾನದ್ದೇ ಆಗಿದ್ದರೆ ಆ ವಾದ ಸಡಿಲವಾಗುತ್ತದೆ. ವಚನಗಳ ಓಲೆಪ್ರತಿಗಳು ತಡವಾಗಿ ಬರೆದವಾದುದರಿಂದ ಈ ಮಾತನ್ನು ಎಚ್ಚರದಿಂದ ಹೇಳಬೇಕು, ನಿಜ. ಆದರೂ ನಮ್ಮ ವಿದ್ವಾಂಸರು ಈ ವಚನವನ್ನು ಇನ್ನಷ್ಟು ಗಟ್ಟಿಯಾಗಿ ಮುಂದಿಡಬಹುದಿತ್ತು ಎಂದೇ ನಮ್ಮ ಭಾವನೆ.

ಇದರಲ್ಲಿ ಇನ್ನೊಂದು ಅಂಶವೂ ಅಡಗಿದೆ. ಬರಿಯ ಕದಿರಿಗಿಂತ ರಾಟೆ ಹಲವು ಪಟ್ಟು ಹೆಚ್ಚು ನೂಲು ಕೊಡುತ್ತದೆ. ಹಾಗೆ ನೋಡಿದರೆ ರಾಟೆಯೂ ಒಂದು ಯಂತ್ರವೇ. ಶರಣೆ ಅದನ್ನು ಹಗೆಯೆಂದು ಬಗೆಯಲಿಲ್ಲ. ಶಿವತತ್ತ್ವವನ್ನೇ ಅದರಲ್ಲಿ ಕಂಡಳು. ಆ ಯಂತ್ರವು ನೂಲುವವಳ ಮನೆಯಲ್ಲಿತ್ತು, ಅವಳ ಕೈಗೆ ಒಳಪಟ್ಟಿತ್ತು. ಮುಂದೆ ಬಂದ ಯಂತ್ರದ ಬಗೆ ಬೇರೆ.

1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಗ್ರಂಥ 1807ರಲ್ಲಿ ಪ್ರಕಟವಾಯಿತು. ಹಳ್ಳಿಯ ಹೆಂಗಸರು ನೂತು ತಂದ ನೂಲನ್ನು ನೇಕಾರರು ವಾರದ ಸಂತೆಯಲ್ಲಿ ಕೊಳ್ಳುತ್ತಿದ್ದ ಚಿತ್ರ ಅದರಲ್ಲಿದೆ. ಅಷ್ಟರಲ್ಲಾಗಲೇ ಇಂಗ್ಲೆಂಡಿನಲ್ಲಿ ಹಾರ್ಗ್ರೀವ್ಸನ ನೂಲುವ ಯಂತ್ರ ಹುಟ್ಟಿ ಮೂರು ದಶಕಗಳಿಗೂ ಹೆಚ್ಚು ಕಾಲ ಸಂದಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಲ್ಯಾಂಕಷೈರಿನ ನೂಲು ಇಲ್ಲಿನ ಪೇಟೆಗಳನ್ನು ಹೊಕ್ಕಿತು. ಧಾರವಾಡದ ಎರೆಭೂಮಿಯಲ್ಲಿ ಕಂಪನಿಯವರು ಅಮೆರಿಕದ ತಳಿಯ ಹತ್ತಿಯನ್ನು ಬೆಳೆಸಿದರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಈ ಭಾಗದ ಹತ್ತಿಗೆ ಚಿನ್ನದ ಬೆಲೆ ಬಂದಿತು. ಬೆಳೆದವನಿಗೂ ವರ್ತಕನಿಗೂ ಲಾಭವಾಯಿತು. ಅದೇ ಹತ್ತಿಯನ್ನು ಕೊಂಡು ನೂಲಬೇಕಾದವಳಿಗೆ? 1854ರಲ್ಲಿ ಮುಂಬಯಿಯಲ್ಲಿ, 1880ರ ದಶಕದಲ್ಲಿ ಗೋಕಾಕದ ಜಲಪಾತದ ಬಳಿ ಗಿರಣಿಗಳು ಎದ್ದವು. ಘಟಪ್ರಭೆಯ ನೀರೇ ಸಾವಿರಾರು ಕದಿರುಗಳನ್ನು ತಿರುಗಿಸತೊಡಗಿತು.

ಕೈಮಗ್ಗ ಮಾತ್ರ ಆಗ ಸಾಯಲಿಲ್ಲ. ಗಿರಣಿಯ ನೂಲು ಅಗ್ಗವಾಗಿತ್ತು, ಒಂದೇ ಸಮನಾಗಿತ್ತು. ಇಳಕಲ್ಲು, ಗುಳೇದಗುಡ್ಡ, ರಬಕವಿಗಳ ನೇಕಾರರು ಅದನ್ನೇ ಮಗ್ಗಕ್ಕೆ ಏರಿಸಿದರು. ನೇಕಾರನ ಮಗ್ಗ ಉಳಿಯಲು ನೆರವಾದ ನೂಲೇ ನೂಲುವವಳ ಅನ್ನವನ್ನು ಕಸಿಯಿತು. ಈ ನಷ್ಟದ ಸುದ್ದಿ ನಮ್ಮ ಇತಿಹಾಸಗ್ರಂಥಗಳಲ್ಲಿ ಏಕೆ ಇಷ್ಟು ಕಡಿಮೆ? ನಮಗೆ ತೋರುವ ಕಾರಣವಿದು: ನೇಯ್ಗೆಗೆ ಜಾತಿಯಿತ್ತು, ನೂಲುವಿಕೆಗೆ ಇರಲಿಲ್ಲ. ದೇವಾಂಗ, ಪದ್ಮಸಾಲಿ, ಕುರುಹಿನಶೆಟ್ಟಿ ಮುಂತಾದ ನೇಕಾರ ಸಮಾಜಗಳಿಗೆ ಪಂಚರಿದ್ದರು, ಗುರುಮನೆಗಳಿದ್ದವು, ದೂರು ಕೊಡಲು ದಾರಿಯಿತ್ತು. ನೂಲು ಎಲ್ಲ ಜಾತಿಯ ಹೆಂಗಸರ, ಅದರಲ್ಲಿಯೂ ಗಂಡನಿಲ್ಲದವರ ಕೆಲಸ. ಅಡುಗೆ, ಬೀಸುವಿಕೆಗಳ ನಡುವಿನ ಬಿಡುವಿನಲ್ಲಿ ನಡೆಯುತ್ತಿದ್ದುದು. ಒಲೆಯ ಪಕ್ಕದಲ್ಲಿ ನಿಂತುಹೋದ ಕಾಯಕವನ್ನು ಯಾವ ಅಧಿಕಾರಿ ಎಣಿಸುತ್ತಾನೆ?

ಹಾಗೆ ಅನ್ನ ಕಳೆದುಕೊಂಡವಳ ಸ್ವಂತ ಮಾತು ಬರಹದಲ್ಲಿ ಸಿಗುವುದು ಅಪರೂಪ. ಬಂಗಾಳದ ಶಾಂತಿಪುರದ ಒಬ್ಬಳದು ಉಳಿದಿದೆ. 1828ರಲ್ಲಿ 'ಸಮಾಚಾರ ದರ್ಪಣ' ಪತ್ರಿಕೆಯಲ್ಲಿ ಒಬ್ಬ ವಿಧವೆಯ ಪತ್ರ ಅಚ್ಚಾಯಿತು. ನೂಲಿನ ಆದಾಯದಿಂದಲೇ ಸಂಸಾರ ನಡೆಸಿದುದನ್ನೂ ಮಕ್ಕಳ ಮದುವೆ ಮಾಡಿದುದನ್ನೂ ಹೇಳಿಕೊಂಡ ಆಕೆ, ವಿಲಾಯಿತಿ ನೂಲು ಬಂದ ಮೇಲೆ ನೇಕಾರರು ತನ್ನ ಮನೆ ಬಾಗಿಲಿಗೆ ಬರುವುದನ್ನೇ ಬಿಟ್ಟರೆಂದು ಅಳಲು ತೋಡಿಕೊಂಡಿದ್ದಾಳೆ. ಗಾಂಧೀಜಿಯವರು ಈ ಪತ್ರವನ್ನು ತಮ್ಮ 'ಯಂಗ್ ಇಂಡಿಯಾ'ದಲ್ಲಿ ಮತ್ತೆ ಪ್ರಕಟಿಸಿದರು.

ಗಾಂಧೀಜಿಯವರಿಂದ ರಾಟೆ ಮರುಹುಟ್ಟು ಪಡೆದುದು ಎಲ್ಲರೂ ಬಲ್ಲ ಸಂಗತಿ. ಉತ್ತರ ಕರ್ನಾಟಕದಲ್ಲಿ ಆ ಕಾಯಕ ರಾಷ್ಟ್ರಧ್ವಜದ ಆಶ್ರಯದಲ್ಲಿ ಉಳಿದುಕೊಂಡಿತು. ಧಾರವಾಡದ ಬಳಿಯ ಗರಗ ಧ್ವಜದ ಬಟ್ಟೆಗೆ ಹೆಸರಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಧ್ವಜಗಳನ್ನು ಹೊಲಿದು ದೇಶಕ್ಕೆಲ್ಲ ಕಳುಹಿಸುತ್ತ ಬಂದಿತು. ಅದಕ್ಕೆ ಬೇಕಾದ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ಸಿದ್ಧವಾಗುತ್ತಿತ್ತು. ಧ್ವಜವು ಕೈಯಿಂದ ನೂತ, ಕೈಯಿಂದ ನೇಯ್ದ ಬಟ್ಟೆಯದೇ ಆಗಿರಬೇಕೆಂಬ ನಿಯಮವೇ ಅವರಿಗೆಲ್ಲ ಬೇಲಿಯಾಗಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿಯು ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ನೀಡಿತು. ಮರುವರ್ಷದ ಆಗಸ್ಟಿನಲ್ಲಿ, ಸ್ವಾತಂತ್ರ್ಯದ ಅಮೃತ ಮಹೋತ್ಸವಕ್ಕೆ, ಮನೆಮನೆಯ ಮೇಲೆ ಧ್ವಜವೇರಿತು. ತಿದ್ದುಪಡಿಯನ್ನು ಹಿಂತೆಗೆದುಕೊಳ್ಳಬೇಕೆಂದು ಬೆಂಗೇರಿಯ ಸಂಘದವರು ಪ್ರತಿಭಟಿಸಿದರು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು.