ಟೈರಿನ ಹಿಡಿತ, ಕ್ಲಚ್ಚಿನ ಜಾರಿಕೆ: ವೇಗದ ಕಾರುಗಳ ಚರಿತ್ರೆಯ ಒಂದು ಎಳೆ

ಕಾರ್ಖಾನೆಯಿಂದ ಬಂದ ಕಾರಿನ ಎಂಜಿನ್ನನ್ನು ಬಿಚ್ಚಿ, ಅದರ ಶಕ್ತಿಯನ್ನು ತಮ್ಮ ಕೈಯಾರೆ ಹೆಚ್ಚಿಸಿ, ಬಯಲಿನಲ್ಲಿ ಓಡಿಸಿ ನೋಡುವ ಹವ್ಯಾಸವು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದಲ್ಲಿ ಬಲವಾಗಿ ಬೇರೂರಿ, ಮಹಾಯುದ್ಧದ ನಂತರ ಒಂದು ದೊಡ್ಡ ಉದ್ಯಮವಾಗಿಯೇ ಬೆಳೆಯಿತು. ಈ ಹವ್ಯಾಸದ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಎಂಜಿನ್ನಿನ ಚರಿತ್ರೆಯನ್ನೇ ಬರೆದಿದ್ದಾರೆ. ಕ್ಲಚ್ಚು ಆ ಕಥನದಲ್ಲಿ ಎಂಜಿನ್ನಿನ ಶಕ್ತಿ ಹೆಚ್ಚಿದಂತೆಲ್ಲ ಅನಿವಾರ್ಯವಾಗಿ ಬದಲಾಯಿಸಬೇಕಾದ ಒಂದು ಬಿಡಿಭಾಗವಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಕ್ಲಚ್ಚಿನ ದೊಡ್ಡ ಬದಲಾವಣೆಗಳು ನಡೆದ ಕಾಲವನ್ನು ಗಮನಿಸಿದರೆ ಬೇರೊಂದು ಸಂಗತಿ ಹೊರಬೀಳುತ್ತದೆ. ಎಂಜಿನ್ನು ಎಷ್ಟೇ ಬಲಶಾಲಿಯಾದರೂ ಟೈರು ನೆಲದ ಮೇಲೆ ಜಾರುತ್ತಿರುವವರೆಗೆ ಕ್ಲಚ್ಚಿಗೆ ನಿಜವಾದ ಪರೀಕ್ಷೆ ಇರಲಿಲ್ಲ. ಟೈರು ನೆಲವನ್ನು ಕಚ್ಚಿ ಹಿಡಿಯಲು ಕಲಿತ ದಿನದಿಂದ ಆ ಪರೀಕ್ಷೆ ಆರಂಭವಾಯಿತು.

ಕ್ಲಚ್ಚಿನ ರಚನೆ ತತ್ತ್ವದಲ್ಲಿ ಸರಳವಾದುದು. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೆ ಬಿಗಿದ ಭಾರವಾದ ಚಕ್ರವೇ ಫ್ಲೈವೀಲು. ಅದರ ಮುಖಕ್ಕೆ ತಾಗಿ ನಿಲ್ಲುವ, ಎರಡೂ ಬದಿಗೆ ಘರ್ಷಣೆಯ ಪದರವಿರುವ ತಟ್ಟೆಯೇ ಕ್ಲಚ್ ಪ್ಲೇಟು. ಸ್ಪ್ರಿಂಗುಗಳ ಬಲದಿಂದ ಆ ತಟ್ಟೆಯನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಲೋಹದ ಬಿಲ್ಲೆಯೇ ಪ್ರೆಷರ್ ಪ್ಲೇಟು. ಕ್ಲಚ್ ಪ್ಲೇಟಿನ ನಡುವಿನ ಶಾಫ್ಟು ಗೇರ್ ಬಾಕ್ಸಿಗೆ ಹೋಗುತ್ತದೆ, ಚಾಲಕನು ಪೆಡಲನ್ನು ಒತ್ತಿದಾಗ ಪ್ರೆಷರ್ ಪ್ಲೇಟು ಹಿಂದೆ ಸರಿದು ಎಂಜಿನ್ನಿಗೂ ಗೇರ್ ಬಾಕ್ಸಿಗೂ ಇರುವ ಸಂಬಂಧ ಕಡಿದುಹೋಗುತ್ತದೆ. ಇಂಥ ಕ್ಲಚ್ಚು ಜಾರದೆ ಎಷ್ಟು ತಿರುಗುಬಲವನ್ನು, ಅಂದರೆ ಗ್ಯಾರೇಜುಗಳಲ್ಲಿ ಟಾರ್ಕ್ ಎನ್ನಲಾಗುವ ಬಲವನ್ನು, ದಾಟಿಸಬಲ್ಲದು ಎಂಬುದು ನಾಲ್ಕು ಸಂಗತಿಗಳ ಗುಣಲಬ್ಧ: ಉಜ್ಜುವ ಮುಖಗಳ ಸಂಖ್ಯೆ, ಪದರದ ಘರ್ಷಣಾ ಗುಣಾಂಕ, ಸ್ಪ್ರಿಂಗುಗಳ ಒತ್ತು ಮತ್ತು ತಟ್ಟೆಯ ಸರಾಸರಿ ತ್ರಿಜ್ಯ. ಕ್ಲಚ್ಚನ್ನು ಬಲಪಡಿಸಲು ಹೊರಟ ಪ್ರತಿಯೊಬ್ಬನೂ ಈ ನಾಲ್ಕರಲ್ಲಿ ಯಾವುದಾದರೂ ಒಂದನ್ನು ಹೆಚ್ಚಿಸಲೇಬೇಕಾಗಿತ್ತು, ಮತ್ತು ಪ್ರತಿಯೊಂದಕ್ಕೂ ತನ್ನದೇ ಆದ ಬೆಲೆ ಇತ್ತು. ಒತ್ತನ್ನು ಹೆಚ್ಚಿಸಿದರೆ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ, ಪೆಡಲನ್ನು ಒತ್ತಿದಾಗಲೆಲ್ಲ ಕ್ರ್ಯಾಂಕ್‌ಶಾಫ್ಟಿನ ಬೇರಿಂಗಿನ ಮೇಲೆ ಭಾರ ಬೀಳುತ್ತದೆ. ತ್ರಿಜ್ಯವನ್ನು ಹೆಚ್ಚಿಸಿದರೆ, ಒಂದೇ ದಪ್ಪದ ತಟ್ಟೆಯ ಜಡತ್ವವು ತ್ರಿಜ್ಯದ ನಾಲ್ಕನೆಯ ಘಾತದಲ್ಲಿ ಏರುವುದರಿಂದ, ಎಂಜಿನ್ನು ವೇಗ ಹೆಚ್ಚಿಸಿಕೊಳ್ಳಲು ತಡವರಿಸುತ್ತದೆ.

ಆರಂಭದ ಮೋಟಾರು ವಾಹನಗಳಲ್ಲಿ ಈ ಯಾವ ಲೆಕ್ಕಾಚಾರಕ್ಕೂ ಅವಕಾಶವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಿಂದ ಹಲವು ದಶಕ ಬಳಕೆಯಲ್ಲಿದ್ದ ಶಂಕುವಿನಾಕಾರದ ಕ್ಲಚ್ಚಿನಲ್ಲಿ ಚರ್ಮ ಹೊದಿಸಿದ ಒಂದು ಶಂಕು ಫ್ಲೈವೀಲಿನ ಒಳಗಿನ ಇಳಿಜಾರಿಗೆ ಹೋಗಿ ಕೂರುತ್ತಿತ್ತು. ಚರ್ಮ ಒಣಗಿದರೆ ಹಿಡಿತ ಒರಟಾಗಿ ಕಾರು ಜಿಗಿಯುತ್ತಿದ್ದುದರಿಂದ ಅದಕ್ಕೆ ದನದ ಕಾಲಿನ ಎಲುಬಿನಿಂದ ತೆಗೆದ ಎಣ್ಣೆಯನ್ನು ಹಚ್ಚಬೇಕಾಗುತ್ತಿತ್ತು, ಎಣ್ಣೆ ಹೆಚ್ಚಾಗಿ ಜಾರಿದರೆ ಎಣ್ಣೆ ಹೀರುವ ಜೇಡಿಮಣ್ಣಿನ ಪುಡಿಯನ್ನು ಎರಚಬೇಕಾಗುತ್ತಿತ್ತು. ಹೀಗೆ ಹಿಡಿತಕ್ಕೂ ಜಾರಿಕೆಗೂ ನಡುವಿನ ಹದವನ್ನು ಕೈಯಿಂದಲೇ ಕಾಯ್ದುಕೊಳ್ಳುವ ರೂಢಿ ಕ್ಲಚ್ಚಿನಷ್ಟೇ ಹಳೆಯದು. ಫೋರ್ಡ್ ಸಂಸ್ಥೆಯ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಯಲ್ಲಿ ಮುಳುಗಿದ ಹಲವು ಉಕ್ಕಿನ ಬಿಲ್ಲೆಗಳ ಕ್ಲಚ್ಚು ಇತ್ತು. 1928ರಲ್ಲಿ ಬಳಕೆಗೆ ಬಂದ ಮಾಡೆಲ್ ಎ ಮೊದಲು ಒಣ ಬಹುತಟ್ಟೆಯ ಕ್ಲಚ್ಚನ್ನು ಪಡೆದು, ಅದೇ ವರ್ಷದ ಕೊನೆಗೆ ಒಂದೇ ತಟ್ಟೆಯ ಒಣ ಕ್ಲಚ್ಚಿಗೆ ಬದಲಾಯಿತು. ಅಷ್ಟರಲ್ಲಿ ಚರ್ಮದ ಜಾಗವನ್ನು ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ ಪದರಗಳು ಆಕ್ರಮಿಸಿಕೊಂಡಿದ್ದವು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಪ್ರೆಷರ್ ಪ್ಲೇಟಿನ ಮೂರು ಮನೆತನಗಳು ನೆಲೆಗೊಂಡಿದ್ದವು. ಬೋರ್ಗ್ ಅಂಡ್ ಬೆಕ್ ಮಾದರಿಯು ಮೂರು ಅಗಲವಾದ ಸನ್ನೆಗಳಿಂದಲೂ ಸುರುಳಿ ಸ್ಪ್ರಿಂಗುಗಳಿಂದಲೂ ಕೂಡಿ, ನಿಂತಲ್ಲೇ ಹೆಚ್ಚು ಒತ್ತನ್ನು ಕೊಡುತ್ತಿತ್ತು. ಡೆಟ್ರಾಯಿಟಿನ ಲಾಂಗ್ ಸಂಸ್ಥೆಯ ಮಾದರಿಯಲ್ಲಿ ಸನ್ನೆಗಳು ಸಪೂರವಾಗಿದ್ದು ಅವುಗಳ ಹೊರತುದಿಗೆ ತೂಕವಿರುತ್ತಿತ್ತು. ಎಂಜಿನ್ನಿನ ವೇಗ ಏರಿದಂತೆ ಆ ತೂಕಗಳು ಕೇಂದ್ರಾಪಗಾಮಿ ಬಲದಿಂದ ಹೊರಕ್ಕೆ ಸೆಳೆದು ಸ್ಪ್ರಿಂಗಿನ ಒತ್ತಿಗೆ ತಮ್ಮ ಒತ್ತನ್ನೂ ಸೇರಿಸುತ್ತಿದ್ದವು. ಮೂರನೆಯದಾದ ಡಯಾಫ್ರಾಮ್ ಕ್ಲಚ್ಚಿನಲ್ಲಿ ಸುರುಳಿ ಸ್ಪ್ರಿಂಗುಗಳ ಬದಲು ಸೀಳುಗಳಿರುವ ಒಂದೇ ಬಟ್ಟಲಿನಾಕಾರದ ಉಕ್ಕಿನ ಸ್ಪ್ರಿಂಗು ಇರುತ್ತದೆ. ಜನರಲ್ ಮೋಟಾರ್ಸ್ ಸಂಶೋಧನಾಲಯದಲ್ಲಿ 1930ರ ದಶಕದ ನಡುವೆ ರೂಪುಗೊಂಡ ಈ ಮಾದರಿ ಇಂದು ಜಗತ್ತಿನಲ್ಲಿ ಕ್ಲಚ್ ಪೆಡಲಿರುವ ಬಹುಪಾಲು ಕಾರುಗಳಲ್ಲಿದೆ. ಈ ಮೂರರಲ್ಲಿ ಲಾಂಗ್ ಮಾದರಿಯೇ ಮುಂದಿನ ಚರಿತ್ರೆಗೆ ಬೀಜವಾಯಿತು; ಹೊರಡುವಾಗ ಮೆತ್ತಗೆ ಹಿಡಿದು, ವೇಗ ಏರಿದ ಮೇಲೆ ಬಿಗಿಯಾಗಿ ಹಿಡಿಯುವ ಗುಣ ಅದಕ್ಕೆ ಹುಟ್ಟಿನಿಂದಲೇ ಇತ್ತು.

ಒಣ ಕೆರೆಗಳ ಬಯಲಿನಲ್ಲಿ ಓಡುತ್ತಿದ್ದ ಯುದ್ಧಪೂರ್ವದ ಹಾಟ್ ರಾಡ್‌ಗಳಿಗೆ, ಅಂದರೆ ಹಳೆಯ ಫೋರ್ಡುಗಳನ್ನು ಹಗುರಗೊಳಿಸಿ ಎಂಜಿನ್ನನ್ನು ತಿದ್ದಿದ ಕಾರುಗಳಿಗೆ, ಕ್ಲಚ್ಚಿನ ಕಾಟ ಅಷ್ಟಾಗಿ ಇರಲಿಲ್ಲ. ಮೈಲಿಗಟ್ಟಲೆ ಬಯಲಿನಲ್ಲಿ ಮೆಲ್ಲಗೆ ಹೊರಟು ವೇಗ ಕೂಡಿಸಿಕೊಳ್ಳಲು ಅವಕಾಶವಿತ್ತು. 1950ರಲ್ಲಿ ಸಾಂಟಾ ಅನಾದ ವಿಮಾನದ ಓಡುದಾರಿಯಲ್ಲಿ ಡ್ರ್ಯಾಗ್ ಸ್ಪರ್ಧೆಗಳು ಕ್ರಮಬದ್ಧವಾಗಿ ಆರಂಭವಾಗಿ, 1951ರಲ್ಲಿ ವಾಲಿ ಪಾರ್ಕ್ಸ್ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಕಟ್ಟಿದ ಮೇಲೆ ಪರಿಸ್ಥಿತಿ ಬದಲಾಯಿತು. ನಿಂತ ಕಾರು ಕಾಲು ಮೈಲಿಯನ್ನು, ಅಂದರೆ ಸುಮಾರು 402 ಮೀಟರನ್ನು, ಎಷ್ಟು ಬೇಗ ಕ್ರಮಿಸುತ್ತದೆ ಎಂಬುದೇ ಪಂದ್ಯವಾದಾಗ ಹೊರಡುವ ಕ್ಷಣವೇ ಸ್ಪರ್ಧೆಯ ತಿರುಳಾಯಿತು. ಮೊದಲ ಸುಧಾರಣೆಗಳು ಕೈಗೆ ಸಿಕ್ಕಿದ್ದನ್ನು ಜೋಡಿಸಿಕೊಂಡಂಥವು: ಸ್ಪ್ರಿಂಗುಗಳನ್ನು ಗಡುಸಾದವುಗಳಿಗೆ ಬದಲಾಯಿಸುವುದು, ದೊಡ್ಡ ವಾಹನದ ಕ್ಲಚ್ಚನ್ನು ಕೂರಿಸುವುದು, ಫ್ಲೈವೀಲನ್ನು ಲೇತಿನಲ್ಲಿ ಕಡೆದು ಹಗುರ ಮಾಡುವುದು.

ಈ ಕೊನೆಯ ರೂಢಿಯಲ್ಲಿ ಅಪಾಯ ಅಡಗಿತ್ತು. ಕಾರ್ಖಾನೆಯ ಫ್ಲೈವೀಲುಗಳು ಸಾಮಾನ್ಯವಾಗಿ ಬೀಡುಕಬ್ಬಿಣದ ಎರಕಗಳಾಗಿದ್ದವು, ಬೀಡುಕಬ್ಬಿಣವೋ ಒತ್ತನ್ನು ತಾಳುವಷ್ಟು ಚೆನ್ನಾಗಿ ಎಳೆತವನ್ನು ತಾಳುವುದಿಲ್ಲ. ತಿರುಗುವ ಚಕ್ರದೊಳಗಿನ ಎಳೆತವು ವೇಗದ ವರ್ಗಕ್ಕೆ ಅನುಪಾತವಾಗಿ ಏರುವುದರಿಂದ, ನಿಮಿಷಕ್ಕೆ 4,000 ಸುತ್ತಿಗೆ ಹೊಂದಿಸಿದ ಚಕ್ರವನ್ನು 6,000 ಸುತ್ತಿಗೆ ಏರಿಸಿದರೆ ಅದರ ಮೇಲಿನ ಎಳೆತ ಎರಡೂಕಾಲು ಪಟ್ಟಾಗುತ್ತದೆ. ಅದರ ಜೊತೆಗೆ ಕ್ಲಚ್ಚು ಜಾರಿ ಉಂಟಾದ ಕಾವು ಮುಖದ ಮೇಲೆ ಸೂಕ್ಷ್ಮ ಬಿರುಕುಗಳನ್ನು ಬರೆಯುತ್ತದೆ. ಇಂಥ ಚಕ್ರ ಸಿಡಿದರೆ ಅದರ ಚೂರುಗಳು ಕ್ಲಚ್ಚನ್ನು ಸುತ್ತುವರಿದ ಹಗುರ ಎರಕದ ಕವಚವನ್ನು, ಕಾರಿನ ನೆಲವನ್ನು, ಚಾಲಕನ ಕಾಲನ್ನು ಸೀಳಿಕೊಂಡು ಹೋಗುತ್ತಿದ್ದವು. ಸ್ಯಾನ್ ಡಿಯಾಗೋದ ಪಾಲ್ ಶೀಫರ್ ಅವರಂಥವರು ಸ್ಪರ್ಧೆಗೆಂದೇ ಅಲ್ಯೂಮಿನಿಯಂ ಫ್ಲೈವೀಲುಗಳನ್ನೂ ಕ್ಲಚ್ಚುಗಳನ್ನೂ ತಯಾರಿಸಲು ತೊಡಗಿದ್ದು ಈ ಹಿನ್ನೆಲೆಯಲ್ಲಿ. ವೇಗದ ಆಸೆಗಿಂತ ಪ್ರಾಣದ ಕಾಳಜಿ ಒಂದು ಬಿಡಿಭಾಗದ ವ್ಯಾಪಾರವನ್ನು ಹುಟ್ಟುಹಾಕಿದ ಉದಾಹರಣೆಯಾಗಿ ಇದು ಹೆಚ್ಚಿನ ಗಮನಕ್ಕೆ ಅರ್ಹವಾದುದು.

ಆದರೂ 1960ರ ದಶಕದ ಆರಂಭದವರೆಗೆ ಅತಿ ವೇಗದ ಡ್ರ್ಯಾಗ್‌ಸ್ಟರುಗಳಲ್ಲಿ, ಅಂದರೆ ಈ ಸ್ಪರ್ಧೆಗೆಂದೇ ಕಟ್ಟಿದ ಕಾರುಗಳಲ್ಲಿ, ಕ್ಲಚ್ಚಿನ ಕೆಲಸ ಬಲವಾಗಿ ಹಿಡಿದುಕೊಂಡಿರುವುದಷ್ಟೇ ಆಗಿತ್ತು. ಆ ಕಾರುಗಳಲ್ಲಿ ಹೆಚ್ಚಿನವಕ್ಕೆ ಗೇರ್ ಬಾಕ್ಸೇ ಇರಲಿಲ್ಲ. ಎಂಜಿನ್ನು ಕ್ಲಚ್ಚಿನ ಮೂಲಕ ನೇರವಾಗಿ ಹಿಂದಿನ ಆಕ್ಸಲಿಗೆ ಸೇರುತ್ತಿತ್ತು. ಚಾಲಕ ಪೆಡಲನ್ನು ಒಮ್ಮೆಲೇ ಬಿಟ್ಟಾಗ ಕ್ಲಚ್ಚು ಗಟ್ಟಿಯಾಗಿ ಕಚ್ಚಿಕೊಂಡು, ಎಂಜಿನ್ನಿನ ವೇಗಕ್ಕೂ ಕಾರಿನ ವೇಗಕ್ಕೂ ಇರುವ ವ್ಯತ್ಯಾಸವನ್ನೆಲ್ಲ ಟೈರುಗಳೇ ಹೊಗೆಯಾಗಿ ಉಗುಳುತ್ತಿದ್ದವು. ಆರಂಭದಿಂದ ಬಹುದೂರದವರೆಗೆ ಬಿಳಿಯ ಹೊಗೆ ಎಬ್ಬಿಸಿಕೊಂಡು ಹೋಗುವ ಕಾರಿನ ಚಿತ್ರ ಆ ಕಾಲದ ಡ್ರ್ಯಾಗ್ ಸ್ಪರ್ಧೆಯ ಗುರುತೇ ಆಗಿದೆ. ಯಂತ್ರಶಾಸ್ತ್ರದ ಕಣ್ಣಿನಿಂದ ನೋಡಿದರೆ ಆ ಚಿತ್ರದಲ್ಲಿ ಕ್ಲಚ್ಚಿನ ಪಾಲಿನ ಕೆಲಸವನ್ನು ಟೈರು ಮಾಡುತ್ತಿದೆ.

ಮ್ಯಾಸಚೂಸೆಟ್ಸ್‌ನ ರಿಫ್ಕಿನ್ ಕುಟುಂಬದ ಎಂ ಅಂಡ್ ಎಚ್ ಟೈರುಗಳೂ ಮುಂದೆ ದೊಡ್ಡ ಟೈರು ಸಂಸ್ಥೆಗಳ ಟೈರುಗಳೂ ಹೆಚ್ಚು ಅಗಲವಾಗಿ, ಮೆತ್ತಗಾಗಿ, ಕಡಿಮೆ ಗಾಳಿಯಲ್ಲಿ ಬದಿಗಳು ಸುಕ್ಕುಗಟ್ಟಿ ನೆಲಕ್ಕೆ ಅಂಟಿಕೊಳ್ಳುವಂತಾದ ಮೇಲೆ ಈ ವ್ಯವಸ್ಥೆ ಕುಸಿಯಿತು. ಟೈರು ಜಾರದಿದ್ದರೆ ಒಂದೋ ಎಂಜಿನ್ನು ಉಸಿರುಗಟ್ಟಬೇಕು, ಇಲ್ಲವೇ ಆಕ್ಸಲು ಮುರಿಯಬೇಕು, ಅದೂ ಇಲ್ಲವಾದರೆ ಕ್ಲಚ್ಚೇ ಜಾರಬೇಕು. 1960ರ ದಶಕದ ಉತ್ತರಾರ್ಧದಲ್ಲಿ ಡ್ರ್ಯಾಗ್‌ಸ್ಟರಿನ ತಂತ್ರಜ್ಞರು ಸ್ಪ್ರಿಂಗಿನ ಒತ್ತನ್ನು ಬೇಕೆಂದೇ ಇಳಿಸಿ, ಸನ್ನೆಗಳ ತೂಕವನ್ನು ಗ್ರಾಂಗಳ ಲೆಕ್ಕದಲ್ಲಿ ಹೊಂದಿಸಿ, ಆರಂಭದ ಹೊತ್ತು ಜಾರುತ್ತಲೇ ಶಕ್ತಿಯನ್ನು ದಾಟಿಸಿ ಆಮೇಲೆ ಕೇಂದ್ರಾಪಗಾಮಿ ಬಲದಿಂದ ಬಿಗಿಯಾಗುವ ಕ್ಲಚ್ಚನ್ನು ರೂಢಿಗೆ ತಂದರು. ಸ್ಲಿಪ್ಪರ್ ಕ್ಲಚ್ಚು ಎನಿಸಿಕೊಂಡ ಈ ಸಾಧನ ಗೇರ್ ಬಾಕ್ಸಿಲ್ಲದ ಕಾರಿಗೆ ಮೊದಲ ಗೇರಾಗಿಯೂ ಕೆಲಸ ಮಾಡಿತು. ಹೊಗೆ ಮಾಯವಾಯಿತು, ಕಾಲು ಮೈಲಿಯ ಓಟ ಏಳು ಸೆಕೆಂಡುಗಳ ಗೆರೆಯನ್ನು ದಾಟಿ ಕೆಳಗಿಳಿಯಿತು. ಲಾಂಗ್ ಮಾದರಿಯ ಹಳೆಯ ಗುಣವೇ ಇಲ್ಲಿ ದುಡಿಯಿತು ಎಂಬುದನ್ನು ಗಮನಿಸಬೇಕು. ಸಾಮಾನ್ಯ ಚಾಲಕನ ಕಾಲಿಗೆ ಪೆಡಲು ಹಗುರವಾಗಲೆಂದು ಮಾಡಿದ ಏರ್ಪಾಡು ಮೂರು ದಶಕಗಳ ನಂತರ ಜಗತ್ತಿನ ಅತಿ ವೇಗದ ಕಾರುಗಳ ಮೂಲತತ್ತ್ವವಾಯಿತು.

ಜಾರುವ ಕ್ಲಚ್ಚಿನ ಲೆಕ್ಕ ಮಾತ್ರ ನಿಷ್ಠುರವಾದುದು. ಎಂಜಿನ್ನಿನ ವೇಗ ಸ್ಥಿರವಾಗಿದ್ದು, ನಿಂತ ಕಾರನ್ನು ಜಾರುವ ಕ್ಲಚ್ಚು ಸಮವೇಗಕ್ಕೆ ತರುವಷ್ಟರಲ್ಲಿ, ಕಾರು ಎಷ್ಟು ಚಲನಶಕ್ತಿಯನ್ನು ಪಡೆಯುತ್ತದೆಯೋ ಅಷ್ಟೇ ಶಕ್ತಿ ಕ್ಲಚ್ಚಿನೊಳಗೆ ಶಾಖವಾಗುತ್ತದೆ. ಮೊದಲು ಟೈರಿನ ಹೊರಮೈಯಲ್ಲಿ ಚದುರಿ ಗಾಳಿಗೆ ಹೋಗುತ್ತಿದ್ದ ಆ ಕಾವು ಈಗ ಚಾಲಕನ ಎರಡು ಪಾದಗಳ ನಡುವಿನ ಕವಚದಲ್ಲಿ ಸೆರೆಯಾಯಿತು. ಏಕೆಂದರೆ ಆ ಕಾಲದ ಡ್ರ್ಯಾಗ್‌ಸ್ಟರಿನಲ್ಲಿ ಚಾಲಕ ಎಂಜಿನ್ನಿನ ಹಿಂದೆ, ಆಕ್ಸಲಿನ ಆಚೆ ಕಡೆ ಕೂರುತ್ತಿದ್ದನು. ಕ್ಲಚ್ಚುಗಳು ಸಿಡಿಯತೊಡಗಿದವು. 1967ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ರೇಸ್‌ವೇಯಲ್ಲಿ ಕ್ಲಚ್ಚು ಸಿಡಿದು ಮೈಕ್ ಸೊರೊಕಿನ್ ಎಂಬ ಹೆಸರಾಂತ ಯುವ ಚಾಲಕರು ಮೃತಪಟ್ಟರು. 1970ರ ಮಾರ್ಚಿನಲ್ಲಿ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಚಾಲಕರ ಕಾರಿನ ಎರಡು ವೇಗದ ಗೇರ್ ಬಾಕ್ಸು ಸಿಡಿದು ಅವರ ಬಲಪಾದದ ಒಂದು ಭಾಗ ಕತ್ತರಿಸಿಹೋಯಿತು. ಆಸ್ಪತ್ರೆಯಿಂದ ಹೊರಬಂದ ಗಾರ್ಲಿಟ್ಸ್, ಎಂಜಿನ್ನು ಮತ್ತು ಕ್ಲಚ್ಚುಗಳನ್ನು ಚಾಲಕನ ಹಿಂದೆ ಇರಿಸಿದ ಕಾರನ್ನು ಕಟ್ಟಿ 1971ರಲ್ಲಿ ಗೆದ್ದರು, ಕೆಲವೇ ವರ್ಷಗಳಲ್ಲಿ ಹಳೆಯ ವಿನ್ಯಾಸ ಕಣ್ಮರೆಯಾಯಿತು. ಇಡೀ ಕಾರಿನ ಆಕಾರವನ್ನೇ ತಿರುಗುಮುರುಗು ಮಾಡಿದ ಒತ್ತಡ ಚಾಲಕನ ಕಾಲಬುಡದಲ್ಲಿ ತಿರುಗುತ್ತಿದ್ದ ಭಾಗಗಳಿಂದ ಬಂದಿತು ಎಂಬುದನ್ನು ಚರಿತ್ರೆಕಾರರು ಇನ್ನಷ್ಟು ಒತ್ತಿ ಹೇಳಬೇಕಾಗಿದೆ.

ಇದೇ ಕಾಲದಲ್ಲಿ ಕವಚದ ಪ್ರಶ್ನೆಗೂ ಉತ್ತರ ದೊರೆಯಿತು. ದಪ್ಪ ಉಕ್ಕಿನ ಪಟ್ಟಿಗಳನ್ನು ಬೆಸೆದು ಮಾಡುತ್ತಿದ್ದ ರಕ್ಷಾಕವಚಗಳ ಜಾಗಕ್ಕೆ, ಉಕ್ಕಿನ ಹಾಳೆಯನ್ನು ದ್ರವದ ಒತ್ತಡದಿಂದ ಅಚ್ಚಿಗೆ ಒತ್ತಿ ಬೆಸುಗೆಯಿಲ್ಲದಂತೆ ರೂಪಿಸಿದ ಕವಚಗಳು ಬಂದವು. ಸ್ವತಃ ಡ್ರ್ಯಾಗ್ ಚಾಲಕರಾಗಿದ್ದ ಜೋ ಶುಬೆಕ್ ಅವರ ಲೇಕ್‌ವುಡ್ ಸಂಸ್ಥೆ ಇದರಲ್ಲಿ ಮುಂದಿತ್ತು. ಬಿಡಿಭಾಗ ತಯಾರಕರು 1963ರಲ್ಲಿ ಕಟ್ಟಿಕೊಂಡ ಸೀಮಾ ಸಂಘವು ಸುರಕ್ಷತೆಯ ಮಾನದಂಡಗಳನ್ನು ರೂಪಿಸತೊಡಗಿತು, 1978ರಲ್ಲಿ ಆ ಕೆಲಸಕ್ಕೆಂದೇ ಎಸ್‌ಎಫ್‌ಐ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಬದಲಿ ಫ್ಲೈವೀಲು ಮತ್ತು ಕ್ಲಚ್ಚುಗಳಿಗೆ ಅದರ 1.1 ಎಂಬ ಸಂಖ್ಯೆಯ ಮಾನದಂಡ ಇಂದಿಗೂ ಅನ್ವಯಿಸುತ್ತದೆ.

ಉಜ್ಜುವ ಪದರದ ಚರಿತ್ರೆಯಲ್ಲಿ ಇನ್ನೊಂದು ಬಗೆಯ ಸಾವು ಅಡಗಿದೆ. ಕಲ್ನಾರು ಕಾವನ್ನು ತಾಳುತ್ತಿತ್ತು, ಅಗ್ಗವಾಗಿತ್ತು. ಸವೆದ ಪದರದ ಧೂಳನ್ನು ಗಾಳಿಯ ಪೈಪಿನಿಂದ ಊದಿ ಹಾರಿಸುವುದು ಗ್ಯಾರೇಜುಗಳಲ್ಲಿ ದಿನನಿತ್ಯದ ಕೆಲಸವಾಗಿತ್ತು, ಆ ಧೂಳು ಶ್ವಾಸಕೋಶದ ಮಾರಕ ರೋಗಗಳಿಗೆ ಕಾರಣವೆಂಬುದು ಸ್ಥಿರಪಟ್ಟ ನಂತರವೂ ಅದರ ಬಳಕೆ ಮುಂದುವರಿಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1989ರಲ್ಲಿ ಹೊರಡಿಸಿದ ನಿಷೇಧವನ್ನು ನ್ಯಾಯಾಲಯ 1991ರಲ್ಲಿ ಬಹುಮಟ್ಟಿಗೆ ರದ್ದುಗೊಳಿಸಿತು. ಸ್ಪರ್ಧೆಯ ಕ್ಲಚ್ಚುಗಳು ಈ ನಡುವೆ ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಪೂರ್ತಿ ಕರಗದಂತೆ ಕಾಯಿಸಿ ಗಟ್ಟಿಮಾಡಿದ ಬಿಲ್ಲೆಗಳತ್ತಲೂ, ಕೆವ್ಲಾರ್ ನಾರಿನತ್ತಲೂ, ಸರ್ಕ್ಯೂಟ್ ಟ್ರ್ಯಾಕುಗಳಲ್ಲಿ ಇಂಗಾಲದ ತಟ್ಟೆಗಳತ್ತಲೂ ಹೊರಳಿದವು.

ಟೈರು ಮತ್ತು ಕ್ಲಚ್ಚಿನ ಈ ಸಂಬಂಧ ಜಪಾನಿನಲ್ಲಿ ಮತ್ತೊಮ್ಮೆ ಬೇರೆ ದಾರಿಯಿಂದ ಪ್ರಕಟವಾಯಿತು. 1989ರಲ್ಲಿ ಬಂದ ನಿಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಘೋಷಿತ ಶಕ್ತಿ, ಜಪಾನೀ ತಯಾರಕರ ಪರಸ್ಪರ ಒಪ್ಪಂದದ ಮಿತಿಯಾಗಿದ್ದ 280 ಅಶ್ವಶಕ್ತಿ. ಅದರ ಎರಡು ಟರ್ಬೊಗಳ ಎಂಜಿನ್ನೋ ಅದರ ಇಮ್ಮಡಿ ಶಕ್ತಿಯನ್ನು ತಾಳುವಷ್ಟು ಗಟ್ಟಿಮುಟ್ಟಾಗಿತ್ತು. ಹಿಂದಿನ ಚಕ್ರಗಳಿಗಷ್ಟೇ ಬಲ ಹೋಗುವ ಕಾರಾಗಿದ್ದರೆ ಅಷ್ಟು ಶಕ್ತಿಗೆ ಟೈರುಗಳು ಜಾರಿ ಕ್ಲಚ್ಚನ್ನು ಉಳಿಸುತ್ತಿದ್ದವು. ಹಿಂದಿನ ಚಕ್ರಗಳು ಜಾರಿದ ಕೂಡಲೇ ಮುಂದಿನ ಚಕ್ರಗಳಿಗೂ ಬಲವನ್ನು ಹಂಚುವ ವ್ಯವಸ್ಥೆ ಈ ಕಾರಿನಲ್ಲಿದ್ದುದರಿಂದ, ಶಕ್ತಿ ಹೆಚ್ಚಿಸಿದ ಪ್ರತಿಯೊಬ್ಬ ಮಾಲೀಕನೂ ಬಹುಬೇಗನೆ ಕ್ಲಚ್ ಪ್ಲೇಟು ಸುಟ್ಟ ವಾಸನೆಗೆ ಎದುರಾಗುವುದು ಅನಿವಾರ್ಯವಾಯಿತು. ಒಕಾಯಾಮಾದ ಓಎಸ್ ಗಿಕೆನ್, ಒಸಾಕಾ ಪ್ರಾಂತದ ಎಕ್ಸೆಡಿ ಮೊದಲಾದ ಸಂಸ್ಥೆಗಳು ಉಜ್ಜುವ ಮುಖಗಳ ಸಂಖ್ಯೆಯನ್ನು ಹೆಚ್ಚಿಸುವ ಮಾರ್ಗವನ್ನು ಬೀದಿಯ ಕಾರುಗಳಿಗೂ ತಂದವು: ಒಂದರ ಬದಲು ಎರಡು ತಟ್ಟೆಗಳಿದ್ದರೆ ಅದೇ ಒತ್ತಿಗೆ, ಅದೇ ವ್ಯಾಸಕ್ಕೆ ಇಮ್ಮಡಿ ಟಾರ್ಕ್ ದಾಟುತ್ತದೆ. ಇದರ ಬೆಲೆಯೂ ಸಣ್ಣದಲ್ಲ. ತಟ್ಟೆಗಳ ನಡುವಿನ ಲೋಹದ ಬಿಲ್ಲೆ ಪೆಡಲು ಒತ್ತಿದಾಗ ಗಲಗಲ ಸದ್ದು ಮಾಡುತ್ತದೆ, ಲೋಹದ ಪದರ ಮೆತ್ತಗೆ ಹಿಡಿಯುವುದನ್ನು ಅರಿಯದೆ ಹಾಫ್ ಕ್ಲಚ್ಚಿನಲ್ಲಿ ಕಾರು ನಡುಗುತ್ತದೆ. ನಗರದ ದಟ್ಟಣೆಯಲ್ಲಿ ಓಡಿಸುವ ಕಾರಿಗೆ ಬೇಕಾದುದಕ್ಕಿಂತ ಬಲವಾದ ಕ್ಲಚ್ಚನ್ನು ಹಾಕಿಸುವುದು ಈ ಹವ್ಯಾಸದ ಅತಿ ಸಾಮಾನ್ಯವಾದ ತಪ್ಪು ಆಯ್ಕೆ ಎನ್ನಲು ಈ ಗುಣಗಳೇ ಸಾಕು.

ಡ್ರ್ಯಾಗ್ ಸ್ಪರ್ಧೆಯ ಅತಿ ವೇಗದ ವರ್ಗವಾದ ಇಂದಿನ ಟಾಪ್ ಫ್ಯುಯೆಲ್ ಡ್ರ್ಯಾಗ್‌ಸ್ಟರು 1960ರ ದಶಕದ ಆ ಪಾಠವನ್ನು ಅದರ ತುದಿಯವರೆಗೆ ಒಯ್ದಿದೆ. ಹತ್ತು ಸಾವಿರ ಅಶ್ವಶಕ್ತಿಯನ್ನು ಮೀರಿದ ಆ ಕಾರಿಗೆ ಇಂದಿಗೂ ಬದಲಾಯಿಸುವ ಗೇರುಗಳಿಲ್ಲ. 2008ರಿಂದ 1,000 ಅಡಿಗೆ ಇಳಿಸಲಾದ ಅದರ ಓಟ ನಾಲ್ಕು ಸೆಕೆಂಡಿನೊಳಗೆ ಮುಗಿಯುತ್ತದೆ, ಆ ಅವಧಿಯ ಬಹುಭಾಗ ಅದರ ಹಲವು ತಟ್ಟೆಗಳ ಕ್ಲಚ್ಚು ಜಾರುತ್ತಲೇ ಇರುತ್ತದೆ. ಸನ್ನೆಗಳು ಎಷ್ಟು ಬೇಗ ಒತ್ತಬೇಕೆಂಬುದನ್ನು ಓಟಕ್ಕೆ ಮುನ್ನವೇ ಹೊಂದಿಸಿದ ಟೈಮರುಗಳು ಹಂತಹಂತವಾಗಿ ನಿಯಂತ್ರಿಸುತ್ತವೆ. ಕಂಪ್ಯೂಟರು ಓಟವನ್ನು ದಾಖಲಿಸಬಹುದೇ ಹೊರತು ಓಟದ ನಡುವೆ ಟೈರಿನ ಸ್ಥಿತಿ ನೋಡಿ ಕ್ಲಚ್ಚನ್ನು ತಿದ್ದುವುದಕ್ಕೆ ನಿಯಮ ಅವಕಾಶ ಕೊಡುವುದಿಲ್ಲ. ಹೀಗಾಗಿ ಪ್ರತಿ ಸುತ್ತಿನ ನಂತರ ತಂಡದವರು ಕ್ಲಚ್ಚನ್ನು ಪೂರ್ತಿ ಬಿಚ್ಚಿ, ತಟ್ಟೆಗಳ ಸವೆತವನ್ನು ಅಳೆದು, ಮುಂದಿನ ಸುತ್ತಿನ ಹೊತ್ತಿಗೆ ಟ್ರ್ಯಾಕು ಎಷ್ಟು ಕಾದಿರುತ್ತದೆ, ಟೈರು ಎಷ್ಟು ಹಿಡಿಯುತ್ತದೆ ಎಂದು ಅಂದಾಜಿಸಿ, ಸನ್ನೆಗಳಿಗೆ ಕೆಲವು ಗ್ರಾಂ ತೂಕವನ್ನು ಸೇರಿಸುತ್ತಾರೆ ಅಥವಾ ತೆಗೆಯುತ್ತಾರೆ.